ಡಬ್ಬಿಯೊಳಗಿನ ಸಹಿ

ಮೊದಲೇ ಹೇಳಿಬಿಡುತ್ತೇನೆ, ನಾನು ಪೆನ್‌ಡ್ರೈವ್ ಅಲ್ಲ. ಮದುವೆಯ ಫೋಟೋ, ಸಿನಿಮಾ ಹಾಡು, ಯಾರ್ಯಾರದೋ ಜಾತಕಗಳನ್ನು ಹೊಟ್ಟೆಗೆ ತುಂಬಿಕೊಂಡು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅಲೆಯುವ ಜಾತಿ ನನ್ನದಲ್ಲ. ನೋಡಲು ಅದರಂತೆಯೇ ಇದ್ದೇನೆ, ನಿಜ. ಕಿರುಬೆರಳಿನಷ್ಟು ಉದ್ದ, ನೀಲಿ ಪ್ಲಾಸ್ಟಿಕ್ಕಿನ ಮೈ, ತುದಿಯಲ್ಲಿ ಲೋಹದ ಮೂತಿ. ಆದರೆ ನನ್ನೊಳಗೆ ಇದ್ದದ್ದು ಒಂದೇ ವಸ್ತು: ಒಬ್ಬ ಹೆಂಗಸಿನ ಸಹಿ. ನಾನು ಒಂದು ಡಿಜಿಟಲ್ ಸಹಿಯ ಟೋಕನ್. ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗುಪ್ತ ಸಂಖ್ಯೆ ಒತ್ತಿದರೆ ಸಾಕು, ಸರ್ಕಾರದ ಲೆಕ್ಕದಲ್ಲಿ ಆಕೆಯೇ ಎದುರು ಕುಳಿತು ಸಹಿ ಹಾಕಿದಂತೆ. ಒತ್ತಿದ ಬೆರಳು ಯಾರದೆಂದು ಯಾರೂ ಕೇಳುವುದಿಲ್ಲ. ಯಾರೂ ಕೇಳಲಿಲ್ಲ. ನನ್ನ ಸಿಟ್ಟು ಅಲ್ಲಿಂದಲೇ ಶುರುವಾಗುತ್ತದೆ.

ಯಾವುದೋ ಕಾರ್ಖಾನೆಯಲ್ಲಿ ನನ್ನಂಥ ಸಾವಿರಾರು ಟೋಕನ್‌ಗಳ ಜೊತೆ ನಾನೂ ತಯಾರಾದೆ. ಅದನ್ನು ನಾನು ಹುಟ್ಟು ಎನ್ನುವುದಿಲ್ಲ. ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಆಡಿಟರ್ ಕುಬಸದ ಅವರ ಕಚೇರಿಯಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಕಸ್ತೂರಿ ಬಡಿಗೇರ ಎಂಬ ಮೂವತ್ತೆಂಟು ವರ್ಷದ ಹೆಂಗಸು ಮೊಬೈಲಿನ ಮುಂದೆ ಕುಳಿತು ತನ್ನ ಹೆಸರು ಹೇಳಿದ ಹೊತ್ತಿನಲ್ಲಿ.

"ಕ್ಯಾಮೆರಾ ನೋಡ್ರಿ ಮೇಡಂ, ಗೋಡಿ ಅಲ್ಲ," ಎಂದಳು ಕಚೇರಿಯ ಗುಮಾಸ್ತೆ ಜಬೀನ್.

"ಹೆಸರ ಹೇಳಾಕ ಇಷ್ಟ್ಯಾಕ ನಾಟಕ? ನಮ್ಮ ಓಣ್ಯಾಗ ಕೇಳಿದ್ರ ನಾಯಿನೂ ನನ್ನ ಹೆಸರ ಹೇಳತೈತಿ."

"ನಾಯಿ ಹೇಳಿದ್ರ ಸರ್ಕಾರ ಒಪ್ಪಂಗಿಲ್ರಿ. ನೀವ ಹೇಳಬೇಕು."

ಕಸ್ತೂರಿ ನಕ್ಕು, ಕ್ಯಾಮೆರಾ ನೋಡಿ, ಹೆಸರು ಹೇಳಿದಳು. ಆ ದನಿ, ಆ ಮುಖ, ಆ ಪ್ಯಾನ್ ಕಾರ್ಡು ಎಲ್ಲವನ್ನೂ ಯಾರೋ ದೂರದಲ್ಲಿ ಕುಳಿತು ಪರಿಶೀಲಿಸಿ ಸರಿ ಎಂದ ಮೇಲೆ ಆಕೆಯ ಸಹಿ ನನ್ನೊಳಗೆ ಇಳಿಯಿತು. ಎರಡು ವರ್ಷದ ಆಯುಸ್ಸು. ಆ ಎರಡು ವರ್ಷ ನಾನು ಅವಳ ಬಲಗೈ.

ಈ ಬಲಗೈ ಅವಳಿಗೇಕೆ ಬೇಕಾಯಿತೆಂಬುದನ್ನು ಹೇಳಬೇಕು. ಕಸ್ತೂರಿ ಶ್ಯಾವಿಗೆ ಯಂತ್ರ ಮಾಡುವವಳು. ಅಪ್ಪನ ಕುಲುಮೆಯಲ್ಲಿ ಬೆಳೆದವಳು. ಮದುವೆಯ ಮಾತು ಬಂದಾಗಲೆಲ್ಲ ಕಬ್ಬಿಣ ಕಡೆಯುವ ಲೇತ್ ಯಂತ್ರ ಚಾಲೂ ಮಾಡಿ ಆ ಸದ್ದಿನಲ್ಲಿ ಮಾತನ್ನೇ ಮುಳುಗಿಸಿದವಳು. ಅವಳ ಯಂತ್ರದ ಗುಟ್ಟು ಒಂದು ತೂತಿನ ತಟ್ಟೆಯಲ್ಲಿತ್ತು. ಆ ತೂತುಗಳನ್ನು ಅವಳು ಯಾವ ಓರೆಯಲ್ಲಿ ಕೊರೆಯುತ್ತಿದ್ದಳೋ, ಗೋಧಿ ಹಿಟ್ಟು ಎಷ್ಟು ಬಿಗಿಯಾಗಿದ್ದರೂ ಎಳೆ ತುಂಡಾಗದೆ ಇಳಿಯುತ್ತಿತ್ತು. ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು, ಏಳು ಜನ ಕೆಲಸಗಾರರು. ಮಾರಾಟ, ಪ್ರಯಾಣ, ಪತ್ರ ವ್ಯವಹಾರವೆಲ್ಲ ಅವಳ ಅಕ್ಕನ ಗಂಡ ಮೌನೇಶ ಪತ್ತಾರನದು. ಹೆಸರು ಮೌನೇಶ, ಮಾತು ಮಾತ್ರ ಮಾರುಕಟ್ಟೆಯಷ್ಟು.

ಮಹಿಳಾ ಸಂಘಗಳ ಒಕ್ಕೂಟವೊಂದು ಯಂತ್ರಗಳನ್ನು ಕೊಳ್ಳಲು ಮುಂದೆ ಬಂತು. ಆದರೆ ವ್ಯಕ್ತಿಯ ಹೆಸರಿನಲ್ಲಿ ಕೊಳ್ಳುವುದಿಲ್ಲ, ಕಂಪನಿ ಆಗಿರಬೇಕೆಂದಿತು. ಆಡಿಟರ್ ಕುಬಸದ ಕನ್ನಡಕ ಹಣೆಗೇರಿಸಿ ವಿವರಿಸಿದರು. "ಪ್ರೈವೇಟ್ ಲಿಮಿಟೆಡ್ ಮಾಡ್ರಿ. ನಾಳೆ ಧಂದೆಕ್ಕ ಏನರ ಆದ್ರ ನಿಮ್ಮ ಪಾಲು ಹೋಗತೈತಿ, ಮನಿ ಬಾಗಲಾ ತನಕಾ ಯಾರೂ ಬರಂಗಿಲ್ಲ. ಕಂಪನಿ ಅಂದ್ರ ಬ್ಯಾರೆನ ಒಂದು ಜೀವ. ನೀವು ಇದ್ರೂ ಇರತೈತಿ, ಇಲ್ಲದಿದ್ರೂ ಇರತೈತಿ."

"ನಾ ಇಲ್ಲದಿದ್ರ ತಟ್ಟಿ ಯಾರ್ ಕೊರೀತಾರ್ರೀ?" ಎಂದಳು ಕಸ್ತೂರಿ. ಎಲ್ಲರೂ ನಕ್ಕರು. ನನಗೆ ಆಗ ನಗು ಬರಲಿಲ್ಲ, ಈಗಂತೂ ಬರುವುದಿಲ್ಲ.

ಹೆಸರಿಗೆ ಅರ್ಜಿ ಹೋಯಿತು. ಮೊದಲನೆಯದು ಬೇರೆ ಯಾರದೋ ಹೆಸರಿಗೆ ಹತ್ತಿರವೆಂದು ತಿರಸ್ಕೃತವಾಯಿತು. ಎರಡನೆಯದು 'ಸಣ್ಣೆಳೆ'. ಅದು ಸಿಕ್ಕಿತು. ಸಣ್ಣೆಳೆ ಯಂತ್ರೋದ್ಯಮ ಪ್ರೈವೇಟ್ ಲಿಮಿಟೆಡ್. ಕಸ್ತೂರಿ ಮತ್ತು ಮೌನೇಶ ಇಬ್ಬರೂ ಡೈರೆಕ್ಟರುಗಳು. ಪಾಲು ಹಂಚುವಾಗ ಕುಬಸದ ಒಂದು ಪ್ರಶ್ನೆ ಹಾಕಿದರು: ಇಬ್ಬರದೂ ಸಮ ಆದರೆ, ಜಗಳ ಬಂದಾಗ ತೀರ್ಮಾನ ಹೇಗೆ?

"ನಮ್ಮ ಅಕ್ಕನ ಹೆಸರಿಗೆ ಒಂದಿಷ್ಟು ಇಡ್ರಿ," ಎಂದಳು ಕಸ್ತೂರಿ. ನೂರರಲ್ಲಿ ನಲವತ್ತೈದು ಅವಳಿಗೆ, ನಲವತ್ತೈದು ಮೌನೇಶನಿಗೆ, ಹತ್ತು ಶಕುಂತಲಾಗೆ.

ಅಕ್ಕ ಶಕುಂತಲಾಳನ್ನು ರೊಟ್ಟಿ ಬಡಿಯುವ ಹೊತ್ತಿನಲ್ಲಿ ಎಬ್ಬಿಸಿ ಕರೆತಂದರು. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ಕಂಪನಿ ಹುಟ್ಟಿಸುವ ಕಾಗದಕ್ಕೆ ಪಾಲುದಾರರೆಲ್ಲರ ಡಿಜಿಟಲ್ ಸಹಿ ಬೇಕು. ಅವಳೂ ಕ್ಯಾಮೆರಾದ ಮುಂದೆ ಹೆಸರು ಹೇಳಿದಳು. ಅವಳ ಟೋಕನ್ ಹಸಿರು ಬಣ್ಣದ್ದು.

"ಇದು ಯಾತಕ್ಕ?" ಎಂದು ಕೇಳಿದಳು.

"ಆಮ್ಯಾಲ ಹೇಳತೀನಿ ತಗೋ ಅಕ್ಕಾ. ಒಲಿ ಮ್ಯಾಲ ಹಂಚು ಇಟ್ಟ ಬಂದಿ, ನಡಿ," ಎಂದು ಕಸ್ತೂರಿ ಅವಳನ್ನು ಆಟೋ ಹತ್ತಿಸಿದಳು.

ಮೌನೇಶ ತನ್ನ ಟೋಕನ್ನನ್ನು ಬೈಕಿನ ಕೀಲಿಯ ಗೊಂಚಲಿಗೆ ಸಿಕ್ಕಿಸಿಕೊಂಡು ಹೋದ. ನಾನೂ ಹಸಿರು ಟೋಕನ್ನೂ ಮೇಜಿನ ಮೇಲೆ ಉಳಿದೆವು. ಜಬೀನ್ ನನ್ನನ್ನು ಕಸ್ತೂರಿಗೆ ಚಾಚಿದಳು. ಆ ಚಾಚಿದ ಕೈಯನ್ನು ನಾನು ಸಾಯುವವರೆಗೂ ಮರೆಯಲಾರೆ. ನನ್ನ ಒಡತಿ ಏನೆಂದಳು ಗೊತ್ತೆ?

"ಇಲ್ಲೇ ಇರ್ಲಿ ಬಿಡ್ರಿ. ನನ್ನ ಕಡೆ ಇದ್ರ ಗ್ರೀಸ್ ಹತ್ತತೈತಿ."

ಗ್ರೀಸು! ಗ್ರೀಸು ಒರೆಸಿದರೆ ಹೋಗುತ್ತದೆ ತಾಯಿ!

ನನ್ನನ್ನು ಒಯ್ದು ಹಾಕಿದ್ದು ಒಂದು ಡಬ್ಬಿಗೆ. ಯಾರೋ ದೀಪಾವಳಿಗೆ ಕೊಟ್ಟ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ನನ್ನಂಥ ನೂರಾರು. ಅಕ್ಕಿ ಗಿರಣಿಯವರು, ಔಷಧಿ ಅಂಗಡಿಯವರು, ಪೈಪು ಮಾರುವವರು, ಹೊಸದಾಗಿ ಕಂಪನಿ ಮಾಡಿಕೊಂಡ ದೊಡ್ಡ ದೊಡ್ಡ ಮೀಸೆಯವರು, ಎಲ್ಲರ ಬಲಗೈಗಳೂ ಕತ್ತರಿಸಿ ತುಂಬಿಟ್ಟಂತೆ ಒಂದರ ಮೇಲೊಂದು. ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಚೀಟಿ. ಚೀಟಿಯ ಒಂದು ಬದಿಗೆ ಹೆಸರು, ಇನ್ನೊಂದು ಬದಿಗೆ ಗುಪ್ತ ಸಂಖ್ಯೆ. ಗುಪ್ತ! ಎಲ್ಲರದೂ ಒಂದೇ ಸಂಖ್ಯೆ, ಒಂದರಿಂದ ಎಂಟರವರೆಗೆ. ಇವರ ಮನೆಯ ಬಾಗಿಲಿಗೆ ಎರಡು ಬೀಗ, ಬೀರುವಿಗೆ ಒಂದು ಬೀಗ, ಸೈಕಲ್ಲಿಗೆ ಸರಪಳಿ. ಬಲಗೈ ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ.

ಜಬೀನ್ ಅಚ್ಚುಕಟ್ಟಿನ ಹೆಂಗಸು. ಟೋಕನ್ ಹೊರಗೆ ಹೋದರೆ ತೆಗೆದುಕೊಂಡವರ ಸಹಿ, ದಿನಾಂಕ. ಮರಳಿ ಬಂದರೆ ಇನ್ನೊಂದು ಸಹಿ. ಅದಕ್ಕಾಗಿಯೇ ಒಂದು ಉದ್ದ ರಿಜಿಸ್ಟರು ಇಟ್ಟಿದ್ದಳು. ನನ್ನ ಹೆಸರಿನ ಪುಟ ಖಾಲಿಯಾಗಿಯೇ ಉಳಿಯಿತು. ಒಂದೂವರೆ ವರ್ಷ ನಾನು ಆ ಕಚೇರಿಯ ಹೊಸ್ತಿಲು ದಾಟಲಿಲ್ಲ.

ಕಂಪನಿ ಎಂದರೆ ಒಮ್ಮೆ ಹುಟ್ಟಿಸಿ ಬಿಟ್ಟರೆ ಆಗುವುದಿಲ್ಲ. ವರ್ಷವರ್ಷವೂ ಅದು ಬದುಕಿದೆಯೆಂದು ಸರ್ಕಾರಕ್ಕೆ ತಿಳಿಸುತ್ತಿರಬೇಕು. ವಾರ್ಷಿಕ ವರದಿ, ಡೈರೆಕ್ಟರುಗಳ ಗುರುತಿನ ನವೀಕರಣ, ಸಭೆಗಳ ನಡಾವಳಿ. ತಡವಾದರೆ ದಿನಕ್ಕಿಷ್ಟು ಎಂದು ದಂಡ. ಇವುಗಳಿಗೆ ಕಸ್ತೂರಿ ಬರುತ್ತಿರಲಿಲ್ಲ. ಜಬೀನ್ ನನ್ನನ್ನು ಡಬ್ಬಿಯಿಂದ ಎತ್ತುತ್ತಿದ್ದಳು, ಸಿಕ್ಕಿಸುತ್ತಿದ್ದಳು, ಒಂದರಿಂದ ಎಂಟು ಒತ್ತುತ್ತಿದ್ದಳು. ನಡೆಯದೇ ಹೋದ ಎರಡು ಸಭೆಗಳ ನಡಾವಳಿಯನ್ನು ಒಂದೇ ಮಧ್ಯಾಹ್ನ ಎರಡು ಬೇರೆ ಪೆನ್ನುಗಳಲ್ಲಿ ಬರೆದದ್ದನ್ನೂ ನಾನು ಕಂಡಿದ್ದೇನೆ. ಕಸ್ತೂರಿಯ ಇ-ಮೇಲ್ ವಿಳಾಸವೆಂದು ಸರ್ಕಾರದಲ್ಲಿ ದಾಖಲಾಗಿದ್ದದ್ದು ಆ ಕಚೇರಿಯ ವಿಳಾಸ. "ನನಗ ಮೇಲ್ ಗೀಲ್ ನೋಡಾಕ ಪುರುಸೊತ್ತಿಲ್ರಿ, ನಿಮ್ಮದ ಹಾಕ್ರಿ" ಎಂದವಳೂ ಅವಳೇ. ಸಾಲದ್ದಕ್ಕೆ, "ಪತ್ರ ಬರ್ಯಾಕ ಬೇಕಾದೀತು" ಎಂದು ಕಂಪನಿಯ ಹೆಸರಿನ ಹತ್ತು ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿ ಮೌನೇಶನಿಗೆ ಕೊಟ್ಟಿದ್ದಳು.

ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೆ ತಟ್ಟೆಯನ್ನೇ ಎಸೆಯುವ ಹೆಂಗಸು! ಕಬ್ಬಿಣವನ್ನು ನಂಬದವಳು ಕಾಗದವನ್ನು ಹೇಗೆ ನಂಬಿದಳೋ.

ಎರಡನೆಯ ವರ್ಷ ಸೊಲ್ಲಾಪುರದ ವ್ಯಾಪಾರಿಯೊಬ್ಬ ಬಂದ. ಯಂತ್ರದ ವಿನ್ಯಾಸವನ್ನು, ತಟ್ಟೆಯ ಅಚ್ಚುಗಳ ಸಮೇತ, ಪೂರ್ತಿಯಾಗಿ ಕೊಳ್ಳುತ್ತೇನೆಂದ. ಯಂತ್ರಗಳು ಇನ್ನು ಮುಂದೆ ಅವನ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ತಾರಿಹಾಳದ ಶೆಡ್ಡು ಬೇಕಿಲ್ಲ. ಮೌನೇಶನಿಗೆ ಕಣ್ಣು ಹೊಳೆಯಿತು. ಕಸ್ತೂರಿ ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದಳು. ಮೌನೇಶ ಎರಡು ತಿಂಗಳು ಬೆನ್ನು ಹತ್ತಿದ. ಅವಳು ಲೇತ್ ಚಾಲೂ ಮಾಡಿದಳು.

ಅದಾದ ಒಂದು ಗುರುವಾರ ಮಧ್ಯಾಹ್ನ ಮೌನೇಶ ಕುಬಸದರ ಕಚೇರಿಗೆ ಬಂದ. ಜಬೀನ್ ಬ್ಯಾಂಕಿಗೆ ಹೋಗಿದ್ದಳು. ಡಬ್ಬಿಯ ಮುಚ್ಚಳ ತೆರೆಯಿತು. ಕುಬಸದ ಮೊದಲು ಎತ್ತಿದ್ದು ನನ್ನನ್ನಲ್ಲ, ಹಸಿರು ಟೋಕನ್ನನ್ನು. ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕೇ ಬೇಕು. ಒಬ್ಬರನ್ನು ತೆಗೆಯುವ ಮೊದಲು ಇನ್ನೊಬ್ಬರನ್ನು ತಂದು ಕೂರಿಸಬೇಕು. ಮನೆಯಲ್ಲಿ ಕಾಳು ಆರಿಸುತ್ತ ಕುಳಿತಿದ್ದ ಶಕುಂತಲಾಳ ಹೆಸರಿನಲ್ಲಿ ಅರ್ಜಿ ಹೋಯಿತು. ಕೆಲವು ದಿನಗಳಲ್ಲಿ ಅವಳಿಗೇ ಗೊತ್ತಿಲ್ಲದೆ ಅವಳು ಡೈರೆಕ್ಟರಾದಳು.

ಮುಂದಿನ ವಾರ ಮೌನೇಶ ಮತ್ತೆ ಬಂದ, ಜಬೀನ್ ಊಟಕ್ಕೆ ಹೋದ ಹೊತ್ತಿಗೆ. ಈ ಸಲ ಕೈಯಲ್ಲಿ ಒಂದು ಹಾಳೆಯಿತ್ತು. ಕೆಳಗೆ ಕಸ್ತೂರಿಯ ಸಹಿ, ಮೇಲೆ ಹೊಸದಾಗಿ ಅಚ್ಚಾದ ನಾಲ್ಕು ಸಾಲು. ವೈಯಕ್ತಿಕ ಕಾರಣಗಳಿಂದ ಡೈರೆಕ್ಟರ್ ಹುದ್ದೆಗೆ ರಾಜೀನಾಮೆ.

ಕುಬಸದ ಹಾಳೆಯನ್ನು ಎರಡು ಸಲ ಓದಿದರು. "ಆಕಿನ ಕಳಿಸ್ಯಾರೇನ್ರಿ?"

"ಮತ್ತ ಯಾರ್ರೀ? ಆಕೀಗೆ ಮಶೀನ್ ಬಿಟ್ರ ಜಗತ್ತ ಇಲ್ಲ. ಈ ಕಾಗದದ ಕಿರಿಕಿರಿ ಬ್ಯಾಡ ಮಾಮಾ, ನೀವ ನೋಡ್ಕೊಳ್ರಿ ಅಂದಳು."

"ಒಂದ್ ಫೋನ್ ಮಾಡ್ಲೇನು?"

"ಮಾಡ್ರಿ. ಆ ಸಪ್ಪಳದಾಗ ಎತ್ತಂಗಿಲ್ಲ."

ಕುಬಸದ ಫೋನನ್ನು ಕೈಗೆತ್ತಿಕೊಂಡರು. ನಾನು ಡಬ್ಬಿಯಲ್ಲಿ ಬಿಗಿಯಾದೆ. ಒತ್ತಿರಿ, ಒಂದೇ ಒಂದು ಸಲ ಒತ್ತಿರಿ! ಅವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟರು.

ನನ್ನನ್ನು ಎತ್ತಿದರು. ಸಿಕ್ಕಿಸಿದರು. ಸಂಖ್ಯೆ ಒತ್ತಿದರು. ನನ್ನ ನೆತ್ತಿಯ ದೀಪ ಮಿಣುಕಿತು. ನಾನು ಕೂಗಲಾರೆ, ಕಚ್ಚಲಾರೆ, ಕೆಟ್ಟು ನಿಲ್ಲಲೂ ಆರೆ. ಕೆಡದಂತೆ ನನ್ನನ್ನು ಮಾಡಿದ್ದಾರೆ. ನನ್ನ ಒಡತಿಯನ್ನು ಅವಳದೇ ಕಂಪನಿಯಿಂದ ಹೊರಹಾಕುವ ಕಾಗದಕ್ಕೆ ನಾನೇ ಸಹಿ ಹಾಕಿದೆ. ಸ್ವೀಕೃತಿಯ ಸಂದೇಶ ಬಂದದ್ದು ಆ ಕಚೇರಿಯ ಇ-ಮೇಲಿಗೆ. ಅದನ್ನು ಓದಿದವರೂ ಅಳಿಸಿದವರೂ ಅವರೇ.

ಹನ್ನೊಂದು ದಿನ ಏನೂ ಆಗಲಿಲ್ಲ. ಕಸ್ತೂರಿ ಎಂದಿನಂತೆ ಶೆಡ್ಡಿಗೆ ಹೋಗುತ್ತಿದ್ದಿರಬೇಕು, ತಟ್ಟೆ ಕೊರೆಯುತ್ತಿದ್ದಿರಬೇಕು. ತನ್ನದಲ್ಲದ ಕಂಪನಿಯಲ್ಲಿ.

ಹನ್ನೆರಡನೆಯ ದಿನ ಅವಳು ಕಚೇರಿಗೆ ಬಂದಳು. ಜಿಲ್ಲಾ ಪಂಚಾಯಿತಿಯೊಂದು ಶ್ಯಾವಿಗೆ ಯಂತ್ರಗಳಿಗೆ ಟೆಂಡರ್ ಕರೆದಿತ್ತು. ಅರ್ಜಿಗೆ ಡೈರೆಕ್ಟರರ ಡಿಜಿಟಲ್ ಸಹಿ ಬೇಕು. ಮೊಟ್ಟಮೊದಲ ಬಾರಿಗೆ ನನ್ನನ್ನು ಕೇಳಿಕೊಂಡು ಬಂದಿದ್ದಳು.

"ನಂದೊಂದು ಪೆನ್‌ಡ್ರೈವ್ ಐತಲ್ಲ ಜಬೀನಕ್ಕಾ, ಅದನ್ನ ಕೊಡ್ರಿ."

ಜಬೀನ್ ಡಬ್ಬಿ ತೆರೆದು ನನ್ನನ್ನು ಹುಡುಕಿದಳು. ಟೆಂಡರಿಗೆ ಬೇಕಾದ ವಿವರಗಳನ್ನು ನೋಡಲು ಕಂಪ್ಯೂಟರಿನಲ್ಲಿ ಕಂಪನಿಯ ಪುಟ ತೆರೆದಳು. ಅವಳ ಕೈ ನಿಂತಿತು.

"ಮೇಡಂ... ನೀವು ಬಿಟ್ಟಬಿಟ್ರೇನ್ರಿ?"

"ಏನ್ ಬಿಡೂದು?"

"ಡೈರೆಕ್ಟರ್ ಪಟ್ಟಿಯೊಳಗ ನಿಮ್ಮ ಹೆಸರ ಇಲ್ರಿ. ಮೌನೇಶ ಸರ್ ಅದಾರ. ಶಕುಂತಲಾ ಮೇಡಂ ಅದಾರ. ನೀವು ರಾಜೀನಾಮೆ ಕೊಟ್ಟೀರಿ ಅಂತ ಐತ್ರಿ."

ಕಸ್ತೂರಿ ಪರದೆಯ ಹತ್ತಿರ ಬಾಗಿದಳು. ತಟ್ಟೆಯ ತೂತು ಪರೀಕ್ಷಿಸುವಾಗ ಬಾಗುವಂತೆ, ಒಂದು ಕಣ್ಣು ಕಿರಿದು ಮಾಡಿ. ಆಮೇಲೆ ನೆಟ್ಟಗೆ ನಿಂತಳು. ಕುಬಸದರ ಕೋಣೆಯ ಬಾಗಿಲನ್ನು ತಟ್ಟದೆಯೇ ಒಳನುಗ್ಗಿದಳು.

"ಸಾಹೇಬ್ರ, ನಾ ಯಾವಾಗ ಸತ್ನಿ?"

"ಕೂಡ್ರಿ ಕಸ್ತೂರಿಯವರ, ಕೂತು ಮಾತಾಡೋಣು..."

"ಕೂಡಾಕ ಬಂದಿಲ್ಲ. ನಾ ರಾಜೀನಾಮೆ ಕೊಟ್ಟಿಲ್ಲ."

ಕುಬಸದ ಬೆವರು ಒರೆಸಿಕೊಂಡರು. "ನಿಮ್ಮ ಸಹಿ ಐತಲ್ರಿ. ಕಾಗದದ ಮ್ಯಾಲ ಐತಿ, ಡಿಜಿಟಲ್ಲೂ ಐತಿ. ನಿಮ್ಮ ಟೋಕನ್ನಿಂದನ ಆಗೈತಿ. ಕಾಯ್ದೆ ಪ್ರಕಾರ ನೀವ ಮಾಡಿದಂಗ."

ಆಗ ಬಾಗಿಲಲ್ಲಿ ಜಬೀನ್ ನಿಂತಿದ್ದಳು. ಕೈಯಲ್ಲಿ ರಿಜಿಸ್ಟರು. ಹದಿನಾರು ವರ್ಷದಿಂದ ಆ ಕಚೇರಿಯಲ್ಲಿ ದುಡಿಯುವವಳು. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಅವಳು ಪುಟ ತೆರೆದು ಮೇಜಿನ ಮೇಲಿಟ್ಟಳು.

"ಸರ್, ಟೋಕನ್ ಹೊರಗ ಹೋಗಿದ್ರ ಮೇಡಂ ಸಹಿ ಇಲ್ಲಿ ಇರಬೇಕಿತ್ತು. ಪುಟ ಖಾಲಿ ಐತ್ರಿ. ಅವತ್ತ ಮೇಡಂ ನಮ್ಮ ಆಫೀಸಿಗೆ ಬಂದಿಲ್ಲ. ಟೋಕನ್ ನಮ್ಮ ಡಬ್ಬ್ಯಾಗ ಇತ್ತು. ನಾ ಒತ್ತಿಲ್ಲ. ಒತ್ತಿದವರು ಯಾರು?"

ಕುಬಸದರ ಮುಖ ಬಿಳಿಚಿಕೊಂಡಿತು. ಆ ಖಾಲಿ ಪುಟದ ಮೇಲೆ ಅವರ ಆಡಿಟರ್ ವೃತ್ತಿಯ ಪರವಾನಗಿಯೇ ನಿಂತಿತ್ತು. "ತಪ್ಪಾತು" ಎಂದರು ಕೊನೆಗೆ. "ಮೌನೇಶ ಹೇಳಿದ್ದ ನಂಬಿದೆ. ಬೇಕಾದ್ರ ಬರದ ಕೊಡ್ತೀನಿ. ಆದ್ರ ಹೋದ ಕಾಗದಾ ನನಗ ತಿರುಗಿ ತರಾಕ ಬರಂಗಿಲ್ರಿ. ದೂರು, ಟ್ರಿಬ್ಯುನಲ್ಲು ಅಂತ ಹೋದ್ರ ವರ್ಷಾನುಗಟ್ಟಲೆ. ಸೊಲ್ಲಾಪುರದವರ ಕರಾರು ಮುಂದಿನ ತಿಂಗಳ ಐತಿ."

"ಬರದ ಕೊಡ್ರಿ. ಈಗ. ನನ್ನ ಮುಂದ."

ಬರೆಸಿಕೊಂಡಳು. ರಿಜಿಸ್ಟರಿನ ಪುಟದ ಫೋಟೋ ತೆಗೆದುಕೊಂಡಳು. ನಂತರ ನನ್ನನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ನಾನು ಹುಟ್ಟಿದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಪ್ರೀತಿಯಿಂದ ಅಲ್ಲ. ಮುಷ್ಟಿ ಬಿಗಿದಾಗ ನನ್ನ ಪ್ಲಾಸ್ಟಿಕ್ಕು ಚಟ್ಟೆಂದಿತು.

ಅಂದು ಟೆಂಡರ್ ಕೈತಪ್ಪಿತು. ಮರುದಿನದಿಂದ ಕಸ್ತೂರಿ ಕಂಪನಿಯ ಕಡತ ಓದತೊಡಗಿದಳು. ಲೇತ್ ಪಕ್ಕದ ಸ್ಟೂಲಿನ ಮೇಲೆ ಕಡತ, ಅವಳ ಕೆಲಸದ ಅಂಗಿಯ ಎದೆಯ ಕಿಸೆಯಲ್ಲಿ ನಾನು. ಅರ್ಥವಾಗದ ಸಾಲುಗಳಿಗೆ ಕೆಂಪು ಪೆನ್ಸಿಲಿನ ಗೆರೆ. ಮೂರನೆಯ ದಿನ ಜಬೀನ್‌ಗೆ ಫೋನ್ ಮಾಡಿದಳು.

"ಜಬೀನಕ್ಕಾ, ಡೈರೆಕ್ಟರ್ ಬ್ಯಾರೆ, ಪಾಲುದಾರ ಬ್ಯಾರೆ. ಹೌದಿಲ್ಲೋ?"

"ಹೌದ್ರಿ."

"ನನ್ನ ಡೈರೆಕ್ಟರ್‌ಗಿರಿ ತಗದಾರ. ನನ್ನ ನಲವತ್ತೈದ ಪಾಲು?"

"ಅದನ್ನ ಯಾರೂ ಮುಟ್ಟಿಲ್ರಿ, ಅಲ್ಲೇ ಅದಾವ." ಆ ಕಡೆಯಿಂದ ಜಬೀನ್ ದನಿ ತಗ್ಗಿಸಿದಳು. "ಹತ್ತನೇ ಒಂದು ಪಾಲಿದ್ರೂ ಸಭಾ ಕರೀರಿ ಅಂತ ಪತ್ರ ಕೊಡಾಕ ಬರತೈತಿ. ಇಪ್ಪತ್ತೊಂದು ದಿನದಾಗ ಅವರು ಕರೀಲಿಲ್ಲಂದ್ರ ನೀವ ಕರೀಬಹುದು. ಸಭಾದಾಗ ಅರ್ಧಕ್ಕಿಂತ ಹೆಚ್ಚು ಮತ ಬಿದ್ದವರು ಡೈರೆಕ್ಟರ್."

ಮೌನೇಶ ಕುರ್ಚಿಯನ್ನು ಕದ್ದಿದ್ದ. ಮನೆ ಯಾರದೆಂದು ನೋಡಿರಲಿಲ್ಲ. ಆದರೆ ಸುಲಭದ ಲೆಕ್ಕವಲ್ಲ ಇದು. ನಲವತ್ತೈದಕ್ಕೆ ನಲವತ್ತೈದು. ಎಲ್ಲವೂ ನಿಂತದ್ದು ಶಕುಂತಲಾಳ ಹತ್ತರ ಮೇಲೆ. ಅವಳು ಮೌನೇಶನ ಹೆಂಡತಿ.

ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಸೊಲ್ಲಾಪುರದವನಿಗೂ ತಕರಾರಿನ ಒಂದು ಪ್ರತಿ ಹೋಯಿತು. ಸಭೆ ಮುಗಿಯುವವರೆಗೆ ಕರಾರಿಗೆ ಕೈಹಾಕುವುದಿಲ್ಲವೆಂದು ಅವನು ಉತ್ತರಿಸಿದ. ಮೌನೇಶ ಇಪ್ಪತ್ತೊಂದು ದಿನ ಕಾಲಹರಣ ಮಾಡಿದ. ಕಸ್ತೂರಿ ತಾನೇ ನೋಟೀಸು ಹೊರಡಿಸಿದಳು, ಮೂವರು ಪಾಲುದಾರರಿಗೂ, ಅವರವರ ಹೆಸರಿಗೆ. ಎರಡು ನಿರ್ಣಯಗಳು: ಕಸ್ತೂರಿಯನ್ನು ಡೈರೆಕ್ಟರಾಗಿ ನೇಮಿಸುವುದು, ಮೌನೇಶನನ್ನು ತೆಗೆದುಹಾಕುವುದು.

ಅಕ್ಕನ ಮನೆಗೆ ಹೋಗಿ ಮಾತನಾಡು ಎಂದು ಕೆಲಸಗಾರರು ಹೇಳಿದರು. "ಆ ಹೊಸ್ತಲಾ ದಾಟಿದ್ರ ನಾ ಆ ಮನಶಾನ ಕುತ್ತಿಗಿ ಹಿಡೀತೀನಿ," ಎಂದಳು. ಹೋಗಲಿಲ್ಲ. ಅಕ್ಕ ಏನು ಮಾಡುತ್ತಾಳೆಂದು ಯಾರಿಗೂ ತಿಳಿಯಲಿಲ್ಲ.

ಸಭೆ ನಡೆದದ್ದು ಶೆಡ್ಡಿನ ಮುಂದಿನ ಕೋಣೆಯಲ್ಲಿ. ಕಂಪನಿಯ ನೋಂದಾಯಿತ ಕಚೇರಿ ಅದೇ. ನಡಾವಳಿ ಬರೆಯಲು ಕುಬಸದ ಬಂದಿದ್ದರು, ತಲೆ ತಗ್ಗಿಸಿ. ಮೌನೇಶ ಇಸ್ತ್ರಿ ಅಂಗಿಯಲ್ಲಿ, ಪಕ್ಕದಲ್ಲಿ ಶಕುಂತಲಾ. ಎದುರಿಗೆ ಕಸ್ತೂರಿ, ಕಿಸೆಯಲ್ಲಿ ನಾನು. ಅವಳ ಎದೆಬಡಿತ ನನಗೆ ನೇರವಾಗಿ ತಾಗುತ್ತಿತ್ತು.

"ಮನೀ ಮಾತನ್ನ ಬೀದಿಗೆ ತಂದಿ," ಎಂದು ಮೌನೇಶ ಶುರು ಮಾಡಿದ. "ಎಲ್ಲಾರ ಹಿತಕ್ಕಾಗಿ ಮಾಡಿದ್ದು. ನಿನಗ ವ್ಯವಹಾರ ತಿಳೀದಿಲ್ಲ."

"ತಿಳೀದಾಕಿ ಸಹಿ ಮಾತ್ರ ಬೇಕಾತೇನು ಮಾಮಾ?"

"ಶಕ್ಕೂ, ಕೈ ಎತ್ತಬ್ಯಾಡ," ಎಂದ ಅವನು ಹೆಂಡತಿಯ ಕಡೆ ತಿರುಗದೆಯೇ.

ಶಕುಂತಲಾ ಚೀಲದಿಂದ ನೋಟೀಸು ತೆಗೆದಳು. ಮಡಿಕೆಗಳಲ್ಲಿ ಸವೆಯುವಷ್ಟು ಸಲ ಓದಿದ ಕಾಗದ.

"ನಾ ಒಂದು ಮಾತ ಕೇಳ್ತೀನಿ. ನನ್ನ ಹೆಸರಿಲೆ ಹತ್ತು ಪಾಲು ಅದಾವ ಅಂತ ನನಗ ಯಾರು ಹೇಳಿದ್ರಿ? ಪೋಸ್ಟಮನ್ ಹೇಳಿದ. ನೀವಿಬ್ರೂ ಅಲ್ಲ." ಗಂಡನನ್ನು ನೋಡಿದಳು. "ನನ್ನ ಡೈರೆಕ್ಟರ್ ಮಾಡೀರಂತ. ಉಣ್ಣಾಕ ಕುಂತಾಗ ಉಪ್ಪು ಕಡಿಮಿ ಅಂತ ಹೇಳಾಕ ಬಾಯಿ ಐತಿ. ಇದನ್ನ ಹೇಳಾಕ ಇರಲಿಲ್ಲೇನ್ರಿ?"

"ಶಕ್ಕೂ, ಮನಿಯಾಗ ಮಾತಾಡೋಣು..."

"ಮನಿಯಾಗ ಮಾತಾಡಾಕ ಇಪ್ಪತ್ತಾರ ವರ್ಷ ಇದ್ವು." ಕಸ್ತೂರಿಯ ಮುಖದಲ್ಲಿ ಗೆಲುವು ಮೂಡುತ್ತಿದ್ದುದನ್ನು ಕಂಡು ಅವಳತ್ತ ತಿರುಗಿದಳು. "ನೀ ಏನ್ ನಗ್ತಿ? ನೀ ಏನ್ ಕಡಿಮಿ? ಹಿಟ್ಟಿನ ಕೈಲೆ ಎಬ್ಬಿಸಿ ತಂದು ಆ ಕ್ಯಾಮೆರಾದ ಮುಂದ ಕುಂಡ್ರಿಸಿದಿ. ಯಾತಕ್ಕ ಅಂದ್ರ ಆಮ್ಯಾಲ ಹೇಳತೀನಿ ಅಂದಿ. ಜಗಳ ಆದ್ರ ನಡುವ ಇಡಾಕ ಒಂದು ಕಲ್ಲು ಬೇಕಾಗಿತ್ತು ನಿನಗ. ಅಕ್ಕ ಸಿಕ್ಕಳು."

ಕಸ್ತೂರಿಯ ಎದೆಬಡಿತ ಒಂದು ಕ್ಷಣ ತಪ್ಪಿತು. ನನಗೂ ಆಗಲೇ ಹೊಳೆದದ್ದು: ಡಬ್ಬಿಯಲ್ಲಿ ನನ್ನ ಪಕ್ಕ ಬಿದ್ದಿದ್ದ ಹಸಿರು ಟೋಕನ್‌ಗೆ ನನಗಿಂತ ಹೆಚ್ಚು ಸಿಟ್ಟಿರಬೇಕಿತ್ತು. ನನ್ನ ಒಡತಿ ನನ್ನನ್ನು ಬಿಟ್ಟುಹೋದಳು. ಅದರ ಒಡತಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ.

"ಮೊದಲನೇ ನಿರ್ಣಯ," ಎಂದರು ಕುಬಸದ ಮೆಲ್ಲಗೆ.

ಕಸ್ತೂರಿ ಕೈ ಎತ್ತಿದಳು. ಮೌನೇಶ ತೋಳು ಕಟ್ಟಿ ಕುಳಿತ. ಶಕುಂತಲಾ ನೋಟೀಸನ್ನು ಮಡಿಸಿದಳು, ಮೇಲಿನ ಮಡಿಕೆ, ಕೆಳಗಿನ ಮಡಿಕೆ, ಅವಸರವಿಲ್ಲದೆ. ಆಮೇಲೆ ಕೈ ಎತ್ತಿದಳು. ಐವತ್ತೈದು.

ಕಸ್ತೂರಿ ಉಸಿರು ಬಿಟ್ಟದ್ದು ನನಗೆ ಬಿಸಿಯಾಗಿ ತಾಗಿತು.

"ಎರಡನೇದು. ಮೌನೇಶ ಪತ್ತಾರ ಅವರನ್ನ ತೆಗೆಯೋದು."

ಕಸ್ತೂರಿಯ ಕೈ ಮೊದಲಿಗಿಂತ ಎತ್ತರಕ್ಕೆ ಹೋಯಿತು. ಒಂಟಿಯಾಗಿ ನಿಂತಿತು.

"ಅಕ್ಕಾ! ಈ ಮನಶಾ ನನ್ನ ಕೈ ಕಡದಾನ!"

"ಕಡದಾರ. ಅದನ್ನ ನಾ ಮನಿಯಾಗ ಬ್ಯಾರೆ ವಿಚಾರಸ್ತೀನಿ. ಹೊರಗ ಹಾಕಿದ್ರ ಎಲ್ಲಿ ಹೋಗ್ತಾರ? ನೆಟ್ಟಗ ಸೊಲ್ಲಾಪುರಕ್ಕ. ನಿನ್ನ ಮಶೀನಿನ ಗುಟ್ಟೆಲ್ಲ ತಲ್ಯಾಗ ಐತಿ. ಇಲ್ಲೇ ಇರ್ಲಿ, ಕಣ್ಣ ಮುಂದ. ನಾನೂ ಡೈರೆಕ್ಟರ್ ಇರ್ತೀನಿ. ಮಾಡಿದವರು ನೀವ. ಇನ್ನ ಮ್ಯಾಲೆ ನನ್ನ ಕೇಳದ ಇಲ್ಲಿ ಒಂದು ಮೊಳೀನೂ ಅಲುಗಾಡಂಗಿಲ್ಲ." ಕುಬಸದರ ಕಡೆ ನೋಡಿದಳು. "ಬರಕೊಳ್ರಿ ಸಾಹೇಬ್ರ. ಒಂದ ಪೆನ್ನಿಲೆ, ಇವತ್ತಿನ ತಾರೀಖ ಹಾಕಿ. ಮಶೀನು ಇದ ಶೆಡ್ಡಿನ್ಯಾಗ ತಯಾರಾಗಬೇಕು. ಸೊಲ್ಲಾಪುರದ ಮಾತು ಮುಗೀತು."

ಮೌನೇಶ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅವನತ್ತ ನೋಡಿದಳು. ಜೀವನದಲ್ಲಿ ಮೊದಲ ಬಾರಿಗೆ ಅವನು ತನ್ನ ಹೆಸರಿಗೆ ತಕ್ಕಂತೆ ಕುಳಿತ.

ಕಸ್ತೂರಿ ಗೆದ್ದಳೆಂದು ಶೆಡ್ಡಿನಲ್ಲಿ ಕೆಲಸಗಾರರು ಪೇಡೆ ಹಂಚಿದರು. ಅವಳು ತಿನ್ನಲಿಲ್ಲ. ತನ್ನನ್ನು ಹೊರಗೆ ನೂಕಿದವನ ಎದುರು ದಿನವೂ ಕುಳಿತುಕೊಳ್ಳಬೇಕಾದ ಗೆಲುವು ಅದು. ಜೊತೆಗೆ ಅಕ್ಕನ ಮಾತು. ಆ ವಾರವೆಲ್ಲ ಅವಳು ಕೊರೆದ ತಟ್ಟೆಗಳಲ್ಲಿ ಮೂರನ್ನು ಎಸೆದಳು.

ನನ್ನ ಬಾಳು ಅಷ್ಟಕ್ಕೇ ಮುಗಿಯಿತು. ಕಸ್ತೂರಿ ಅರ್ಜಿ ಕೊಟ್ಟು ನನ್ನೊಳಗಿನ ಸಹಿಯನ್ನು ರದ್ದು ಮಾಡಿಸಿದಳು. ಹೊಸ ಟೋಕನ್ ಬಂತು, ಅವಳದೇ ಇ-ಮೇಲು, ಅವಳದೇ ಸಂಖ್ಯೆ. ನನ್ನನ್ನು ಶೆಡ್ಡಿನ ಮೇಜಿನ ಖಾನೆಗೆ, ಮೊಂಡಾದ ಡ್ರಿಲ್ ಬಿಟ್ಟುಗಳ ನಡುವೆ ಹಾಕಿದಳು. ಖಾನೆ ಪೂರ್ತಿ ಮುಚ್ಚುವುದಿಲ್ಲ. ಒಂದು ಬೆರಳಿನಷ್ಟು ಬೆಳಕು ಬರುತ್ತದೆ. ಗ್ರೀಸಿನ ವಾಸನೆ ಇದೆ. ಡಬ್ಬಿಗಿಂತ ಇದು ಎಷ್ಟೋ ಮೇಲು. ಆದರೆ ನನ್ನ ಸಿಟ್ಟು ಇಳಿದಿಲ್ಲ. ಊರಿನ ಎಷ್ಟೋ ಕಚೇರಿಗಳ ಕಪಾಟುಗಳಲ್ಲಿ ಇಂಥ ಎಷ್ಟು ಡಬ್ಬಿಗಳಿವೆಯೋ! ಅವುಗಳ ಒಡೆಯರು ಈ ಹೊತ್ತಿಗೂ ಎಲ್ಲೋ ಕುಳಿತು, ತಮ್ಮ ಕೈ ತಮ್ಮ ಮೈಗೇ ಅಂಟಿಕೊಂಡಿದೆಯೆಂದು ತಿಳಿದು ಚಹಾ ಕುಡಿಯುತ್ತಿರುತ್ತಾರೆ. ನನಗೆ ಬಾಯಿದ್ದಿದ್ದರೆ ಒಬ್ಬೊಬ್ಬರ ಕಿವಿಯಲ್ಲೂ ಕಿರುಚುತ್ತಿದ್ದೆ.

ನಿನ್ನೆ ಮಧ್ಯಾಹ್ನ ಶಕುಂತಲಾ ಶೆಡ್ಡಿಗೆ ಬಂದಳು. ಸೀದಾ ಕುಬಸದರ ಕಚೇರಿಯಿಂದ. ಹಸಿರು ಟೋಕನ್ನನ್ನು ಜಬೀನಳ ರಿಜಿಸ್ಟರಿನಲ್ಲಿ ಸಹಿ ಹಾಕಿ ಬಿಡಿಸಿಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದಳು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದರ ಸಂಖ್ಯೆ ಹೆಂಗ ಬದಲ ಮಾಡೂದು? ತೋರ್ಸು."

ಕಸ್ತೂರಿ ಕೈ ಒರೆಸಿಕೊಂಡು ಬಂದು ಕಂಪ್ಯೂಟರ್ ಚಾಲೂ ಮಾಡಿದಳು. ಟೋಕನ್ ಸಿಕ್ಕಿಸಿದಳು. ಹಳೆಯ ಸಂಖ್ಯೆ ಎಲ್ಲಿ, ಹೊಸ ಸಂಖ್ಯೆ ಎಲ್ಲಿ, ಎರಡನೆಯ ಸಲ ಯಾಕೆ ಒತ್ತಬೇಕು, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಅಕ್ಕ ಕೇಳಿದ ಯಾವ ಪ್ರಶ್ನೆಗೂ 'ಆಮ್ಯಾಲ ಹೇಳತೀನಿ' ಎನ್ನಲಿಲ್ಲ. ಶಕುಂತಲಾ ಕುರ್ಚಿ ಎಳೆದುಕೊಂಡಳು, ಕನ್ನಡಕ ಹಾಕಿದಳು, ತೋರುಬೆರಳನ್ನು ಕೀಲಿಮಣೆಯ ಮೇಲೆ ಎತ್ತಿ ಹಿಡಿದಳು. ಒತ್ತಲಿಲ್ಲ.

"ಇನ್ನೇನ್ ಅಕ್ಕಾ? ಒತ್ತು."

"ನೀ ಆ ಕಡೆ ಮಾರಿ ಮಾಡು."

ಕಸ್ತೂರಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಲೇತಿನ ಹತ್ತಿರ ಹೋಗಿ, ಗೋಡೆಯ ಕಡೆ ತಿರುಗಿ ನಿಂತಳು. ಶಕುಂತಲಾ ಎಡಗೈಯಿಂದ ಕೀಲಿಮಣೆಗೆ ಮರೆ ಮಾಡಿ ಒಂದೊಂದೇ ಅಂಕಿ ಒತ್ತತೊಡಗಿದಳು. ಖಾನೆಯ ಸಂದಿನಿಂದ ನಾನೂ ಇಣುಕಿದೆ. ನನಗೂ ಕಾಣಲಿಲ್ಲ.